ಮೂರು ವಾರ ಕುಳಿತರೂ ಹೊಳೆಯದ ಉಪಾಯ ನಾಲೆಯ ಏರಿಯ ಮೇಲೆ ಹೊಳೆದದ್ದು ಹೇಗೆ? ಬಿಡುವು ಮತ್ತು ನಡಿಗೆಯ ಬಗ್ಗೆ ನಿಮ್ಮ ಅನುಭವ ತಿಳಿಸಿ

ಬೆಸುಗೆ ಅಂಗಡಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನನ್ನದೊಂದು ಸಣ್ಣ ವೆಲ್ಡಿಂಗ್ ಅಂಗಡಿ ಇದೆ. ಗೇಟು, ಕಿಟಕಿಗಳ ಜೊತೆಗೆ ಅಡಿಕೆ ಬೆಳೆಗಾರರಿಗೆ ಬೇಕಾಗುವ ಸಾಮಾನುಗಳನ್ನೂ ಮಾಡಿಕೊಡುತ್ತೇನೆ. ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಹರವಿದಾಗ ಹಠಾತ್ತನೆ ಮಳೆ ಬಂದರೆ ಎಳೆದು ಮುಚ್ಚುವಂಥ ಸರಿಯುವ ಮಾಡೊಂದನ್ನು, ಅಂದರೆ ಚಾವಣಿಯೊಂದನ್ನು, ಮಾಡಿಕೊಡಿ ಎಂದು ಈ ವರ್ಷ ಒಬ್ಬರು ಕೇಳಿದರು. ಒಂದರ ಕೆಳಗೊಂದು ಸರಿಯುವ ಐದು ಭಾಗಗಳು, ಪ್ರತಿಯೊಂದೂ 24 ಅಡಿ ಅಗಲ ಮತ್ತು ಸರಿಯುವ ದಿಕ್ಕಿನಲ್ಲಿ 4 ಅಡಿ ಉದ್ದ, ಎರಡು ಬದಿಗೆ ಹಳಿ, ನಾಲ್ಕು ಮೂಲೆಗೆ ಚಕ್ರ. ಒಬ್ಬರೇ ಒಂದು ಬದಿಯಲ್ಲಿ ನಿಂತು ತಳ್ಳಿದರೆ ಸಾಕು ಎಂಬುದು ನನ್ನ ಲೆಕ್ಕವಾಗಿತ್ತು.

ಅದು ನಾಲ್ಕು ಅಡಿ ಸರಿದು ಕಚ್ಚಿಕೊಂಡು ನಿಲ್ಲುತ್ತಿತ್ತು. ಚಕ್ರ ಬದಲಿಸಿದೆ, ಬೇರಿಂಗ್ ಬದಲಿಸಿದೆ, ಹಳಿಯನ್ನು ದಾರ ಹಿಡಿದು ಮತ್ತೆ ಕೂರಿಸಿದೆ. ಗ್ರೀಸ್ ಹಚ್ಚಿದರೆ ಎರಡು ದಿನ ಸಲೀಸಾಗಿ ಓಡಿ, ಮೂರನೆಯ ದಿನ ಮತ್ತೆ ಅದೇ ಪಾಡಾಗುತ್ತಿತ್ತು. ಹೀಗೆ ಮೂರು ವಾರ ಕಳೆದವು. ರಾತ್ರಿ ಹತ್ತರವರೆಗೂ ಅದರ ಮುಂದೆಯೇ ಕುಳಿತಿರುತ್ತಿದ್ದೆ.

ಒಂದು ಬೆಳಿಗ್ಗೆ ನನ್ನ ಹೆಂಡತಿ, ಇವತ್ತು ಅಂಗಡಿಯ ಬಾಗಿಲು ತೆಗೆಯುವುದೇ ಬೇಡ, ಎಲ್ಲಿಗಾದರೂ ನಡೆದುಕೊಂಡು ಹೋಗಿ ಬನ್ನಿ ಎಂದು ಕಳಿಸಿದಳು. ತುಂಗಾ ನಾಲೆಯ ಏರಿಯ ಮೇಲೆ ಊರ ಹೊರಗಿನವರೆಗೂ ನಡೆದೆ. ಒಂದು ಗದ್ದೆಯಲ್ಲಿ ನಾಟಿಗೆ ಮುಂಚೆ ಕೆಸರು ಸಮ ಮಾಡಲು ಎತ್ತು ಕಟ್ಟಿ ಹಲಗೆ ಹೊಡೆಯುತ್ತಿದ್ದರು. ನೊಗದಿಂದ ಎರಡು ಹಗ್ಗ ಇಳಿದು ಹಲಗೆಯ ಎರಡು ತುದಿಗೂ ಬಿಗಿದಿದ್ದವು, ಮನುಷ್ಯ ನಡುವೆ ನಿಂತಿದ್ದ. ಆತ ಒಂದು ಬದಿಗೆ ಕಾಲು ಸರಿಸಿದ ಕೂಡಲೇ ಹಲಗೆ ಓರೆಯಾಯಿತು. ನಾನು ಮಾಡಿನ ಬಗ್ಗೆ ಯೋಚಿಸುತ್ತಲೇ ಇರಲಿಲ್ಲ. ಆದರೂ ಅದೇ ಕ್ಷಣದಲ್ಲಿ, ತಪ್ಪು ಚಕ್ರದಲ್ಲಿಲ್ಲ, ತಳ್ಳುವ ಜಾಗದಲ್ಲಿದೆ ಎಂದು ಹೊಳೆಯಿತು. ಅಗಲವಾದುದನ್ನು ಒಂದು ತುದಿಯಿಂದ ತಳ್ಳುತ್ತಿದ್ದೇನೆ, ಅದು ಓರೆಯಾಗಿ ಹಳಿಗೆ ಕಚ್ಚುತ್ತಿದೆ. ಎರಡೂ ತುದಿಗೆ ಹಗ್ಗ ಕಟ್ಟಿ ಒಟ್ಟಿಗೆ ಎಳೆದಾಗ ಅದು ನೀರಿನಂತೆ ಸರಿಯಿತು.

ನನ್ನ ಪ್ರಶ್ನೆ ಇಷ್ಟು. ಇದು ನಡಿಗೆಯ ಫಲವೋ, ಕೆಲಸ ಬಿಟ್ಟದ್ದರ ಫಲವೋ, ಆ ಹಲಗೆ ಕಣ್ಣಿಗೆ ಬಿದ್ದ ಅದೃಷ್ಟವೋ? ನಡಿಗೆಯದೇ ಆದರೆ, ಮುಂದಿನ ಸಲ ಕೆಲಸ ಸಿಕ್ಕಿಹಾಕಿಕೊಂಡಾಗ ನಾನಾಗಿಯೇ ಎದ್ದು ಹೋಗಿ ಇದನ್ನು ಪಡೆದುಕೊಳ್ಳಬಹುದೇ?

ತೋಟದ ಮನೆ, ಸಾಗರ ತಾಲ್ಲೂಕು

ನನ್ನ ಅಭಿಪ್ರಾಯದಲ್ಲಿ ಅದು ನಡಿಗೆಯ ಗುಣವಲ್ಲ, ಮೂರು ವಾರ ಬೆವರು ಸುರಿಸಿದ್ದರ ಗುಣ. ಆ ನಾಲೆಯ ಏರಿಯ ಮೇಲೆ ದಿನಕ್ಕೆ ಇನ್ನೂರು ಜನ ನಡೆಯುತ್ತಾರೆ, ಹಲಗೆ ಹೊಡೆಯುವುದನ್ನು ಎಲ್ಲರೂ ನೋಡುತ್ತಾರೆ, ಅವರಲ್ಲಿ ಯಾರಿಗೂ ಮಾಡು ಕಾಣುವುದಿಲ್ಲ. ನಾನು ಮೂವತ್ತು ವರ್ಷದಿಂದ ದಿನಕ್ಕೆರಡು ಸಲ ತೋಟ ಸುತ್ತುತ್ತಿದ್ದೇನೆ. ನಡೆದವರಿಗೆಲ್ಲ ಹೊಳೆಯುವುದಾದರೆ ಅಡಿಕೆಯ ಕೊಳೆರೋಗಕ್ಕೆ ನಾನು ಎಂದೋ ಔಷಧಿ ಕಂಡುಹಿಡಿದಿರಬೇಕಿತ್ತು. ಇಂದಿಗೂ ಮೈಲುತುತ್ತ, ಸುಣ್ಣದ ಹಳೆಯ ಬೋರ್ಡೋ ದ್ರಾವಣವನ್ನೇ ಹೊಡೆಯುತ್ತಿದ್ದೇನೆ.

ಗಣಿತದ ಮೇಷ್ಟ್ರು, ತೀರ್ಥಹಳ್ಳಿ

ತೋಟದ ಮನೆಯವರು ಹೇಳಿದ್ದು ಅರ್ಧ ಸತ್ಯ. ಉಳಿದರ್ಧವನ್ನು ಗಣಿತದ ಚರಿತ್ರೆಯಿಂದ ಸೇರಿಸುತ್ತೇನೆ.

ಫ್ರಾನ್ಸಿನ ಹೆನ್ರಿ ಪ್ವಾಂಕಾರೆ ತಮ್ಮ ಅನುಭವವನ್ನು ತಾವೇ ವಿವರವಾಗಿ ಹೇಳಿಕೊಂಡಿದ್ದಾರೆ. ಒಂದು ಬಗೆಯ ಫಲನಗಳ ಬಗ್ಗೆ ಅವರು ಹದಿನೈದು ದಿನ ಪ್ರತಿದಿನವೂ ಮೇಜಿನ ಮುಂದೆ ಕುಳಿತು ಹೆಣಗಿದರು. ಆಮೇಲೆ ಭೂವಿಜ್ಞಾನದ ಪ್ರವಾಸಕ್ಕೆಂದು ಕಾನ್ ಪಟ್ಟಣದಿಂದ ಹೊರಟರು. ಪ್ರಯಾಣದ ಗಡಿಬಿಡಿಯಲ್ಲಿ ಗಣಿತವೇ ಮರೆತುಹೋಗಿತ್ತು. ಕೂಟಾನ್ಸ್ ಎಂಬ ಊರಿನಲ್ಲಿ ಕುದುರೆ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟ ಗಳಿಗೆಯಲ್ಲಿ, ತಾವು ಬಳಸಿದ ರೂಪಾಂತರಗಳೂ, ಶಾಲೆಯಲ್ಲಿ ಕಲಿಯುವ ಜ್ಯಾಮಿತಿಗಿಂತ ಬೇರೆಯಾದ ಯೂಕ್ಲಿಡ್ಡೇತರ ಜ್ಯಾಮಿತಿಯ ರೂಪಾಂತರಗಳೂ ಒಂದೇ ಎಂದು ಅವರಿಗೆ ಹೊಳೆಯಿತು. ಅವರು ಅಲ್ಲಿಗೇ ಬಿಡಲಿಲ್ಲ. ಊರಿಗೆ ಮರಳಿದ ಮೇಲೆ ಬಿಡುವು ಮಾಡಿಕೊಂಡು ಅದನ್ನು ಸರಿನೋಡಿದರು.

ಇನ್ನೊಬ್ಬರು ಐರ್ಲೆಂಡಿನ ವಿಲಿಯಂ ರೋವನ್ ಹ್ಯಾಮಿಲ್ಟನ್. 1843ರ ಅಕ್ಟೋಬರ್ 16ರಂದು ಅವರು ಹೆಂಡತಿಯ ಜೊತೆ ಡಬ್ಲಿನ್ನಿನ ರಾಯಲ್ ನಾಲೆಯ ದಡದಲ್ಲಿ ನಡೆದು ಹೋಗುತ್ತಿದ್ದರು. ಅದೂ ನಾಲೆಯ ಏರಿಯೇ ಎಂಬುದನ್ನು ಗಮನಿಸಿ. ಮೂರು ಮೂರು ಸಂಖ್ಯೆಗಳ ಗುಂಪುಗಳನ್ನು ಗುಣಿಸುವ ದಾರಿಯನ್ನು ವರ್ಷಗಟ್ಟಲೆ ಹುಡುಕಿದ್ದ ಅವರಿಗೆ, ಬೇಕಾದದ್ದು ಮೂರಲ್ಲ ನಾಲ್ಕು ಎಂದು ಆ ನಡಿಗೆಯಲ್ಲಿ ಕಂಡಿತು. ಮರೆತುಹೋಗಬಾರದೆಂದು ಬ್ರೂಮ್ ಸೇತುವೆಯ ಕಲ್ಲಿನ ಮೇಲೆ ಚಾಕುವಿನಿಂದ ಸೂತ್ರವನ್ನು ಕೆತ್ತಿದರು.

ಇಂಥ ವೃತ್ತಾಂತಗಳನ್ನೆಲ್ಲ ನೋಡಿ ಗ್ರಹಾಂ ವಾಲಸ್ ಎಂಬವರು 1926ರಲ್ಲಿ ನಾಲ್ಕು ಹಂತಗಳನ್ನು ಗುರುತಿಸಿದರು: ಸಿದ್ಧತೆ, ಕಾವು ಕೂರುವುದು, ಹೊಳಹು, ಪರೀಕ್ಷೆ. ಕಾವು ಕೂರುವುದು ಎಂಬ ಮಾತು ನಮ್ಮ ಮಲೆನಾಡಿನ ಮನೆಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೊಟ್ಟೆಯೇ ಇಡದೆ ಕಾವು ಕೂತ ಕೋಳಿಯಿಂದ ಮರಿ ಬರುವುದಿಲ್ಲ, ಇದು ತೋಟದ ಮನೆಯವರ ಮಾತಿನ ಸತ್ಯ. ಗಳಿಗೆಗೊಮ್ಮೆ ಕೋಳಿಯನ್ನು ಎಬ್ಬಿಸಿ ಮೊಟ್ಟೆ ನೋಡಿದರೂ ಮರಿ ಬರುವುದಿಲ್ಲ. ಬೆಸುಗೆಯವರು ರಾತ್ರಿ ಹತ್ತರವರೆಗೆ ಮಾಡುತ್ತಿದ್ದುದು ಅದನ್ನು.

ನಿವೃತ್ತ ಇಂಜಿನಿಯರ್, ಭದ್ರಾವತಿ

ಕ್ಷಮಿಸಿ, ಇಲ್ಲಿ ಸ್ವಲ್ಪ ಕಠಿಣವಾಗಿ ಮಾತನಾಡಬೇಕಾಗಿದೆ. ಇದು ಯಾವ ಹೊಳಹಿನ ವಿಷಯವೂ ಅಲ್ಲ. ಅಗಲ ಜಾಸ್ತಿ, ಉದ್ದ ಕಡಿಮೆ ಇರುವ ಮೇಜಿನ ಖಾನೆಯನ್ನು ಒಂದು ಮೂಲೆಯಿಂದ ಎಳೆದರೆ ಕಚ್ಚಿಕೊಳ್ಳುತ್ತದೆ ಎಂಬುದು ಯಂತ್ರಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು. ನಡುವಿನಿಂದ ಎಷ್ಟು ದೂರದಲ್ಲಿ ತಳ್ಳುತ್ತೀರೋ ಅದನ್ನು ಘರ್ಷಣಾಂಕದಿಂದ (ಉಜ್ಜುವ ಎರಡು ಮೈಗಳು ಒಂದನ್ನೊಂದು ಎಷ್ಟು ಹಿಡಿಯುತ್ತವೆ ಎಂಬ ಅಳತೆ) ಗುಣಿಸಿ, ಎರಡರಷ್ಟು ಮಾಡಿ. ಅದು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರವನ್ನು ಮುಟ್ಟಿದರೆ, ಎಷ್ಟೇ ಬಲ ಹಾಕಿದರೂ ಖಾನೆ ಅಲುಗುವುದಿಲ್ಲ. ನಿಮ್ಮ ಮಾಡಿನಲ್ಲಿ ದೂರ 12 ಅಡಿ, ಅಂತರ 4 ಅಡಿ. ಅಂದರೆ ಘರ್ಷಣಾಂಕ ಆರನೆಯ ಒಂದು ಭಾಗ, ಸುಮಾರು 0.17, ಆದರೆ ಸಾಕು. ಚಕ್ರದ ಅಂಚು ಹಳಿಯ ಪಕ್ಕಕ್ಕೆ ಉಜ್ಜುವಾಗ ಒಣ ಉಕ್ಕಿನ ಘರ್ಷಣಾಂಕ ಅದಕ್ಕಿಂತ ಸುಲಭವಾಗಿ ಮೇಲಕ್ಕೆ ಹೋಗುತ್ತದೆ. ಗ್ರೀಸ್ ಹಚ್ಚಿದಾಗ ಅದು ಕೆಳಗಿಳಿಯುತ್ತದೆ, ಧೂಳು ಮತ್ತು ತುಕ್ಕು ಕೂತ ಮೇಲೆ ಮತ್ತೆ ಏರುತ್ತದೆ. ನಿಮ್ಮ ಎರಡು ದಿನದ ಸಲೀಸಿಗೂ ಮೂರನೆಯ ದಿನದ ಪಾಡಿಗೂ ಕಾರಣ ಇದೇ.

ಮೊದಲ ದಿನವೇ ಯಾರನ್ನಾದರೂ ಕೇಳಿದ್ದರೆ ಮೂರು ವಾರವೂ ಉಳಿಯುತ್ತಿತ್ತು, ನಡಿಗೆಯೂ ಬೇಕಾಗುತ್ತಿರಲಿಲ್ಲ. ಇನ್ನೊಂದು ಮಾತು: ಇಬ್ಬರು ಬೇರೆ ಬೇರೆ ಹಗ್ಗ ಎಳೆಯುವ ಬದಲು, ಹಳೆಯ ನಕ್ಷೆಮೇಜಿನ ಮೇಲೆ ಅಡ್ಡಪಟ್ಟಿ ಸಮಾಂತರವಾಗಿ ಸರಿಯಲೆಂದು ದಾರವನ್ನು ರಾಟೆಗಳ ಮೇಲಿಂದ ಅಡ್ಡಹಾಯಿಸಿ ಕಟ್ಟುತ್ತಿದ್ದರಲ್ಲ, ಅದೇ ಕ್ರಮದಲ್ಲಿ ಉಕ್ಕಿನ ಹಗ್ಗವನ್ನು ಕಟ್ಟಿ. ಆಗ ಒಬ್ಬರೇ ಯಾವ ತುದಿಯಲ್ಲಿ ಎಳೆದರೂ ಎರಡೂ ತುದಿ ಒಟ್ಟಿಗೆ ಬರುತ್ತವೆ.

ಬೆಸುಗೆ ಅಂಗಡಿ, ಶಿವಮೊಗ್ಗ

ಸರ್, ನಿಮ್ಮ ಲೆಕ್ಕಕ್ಕೂ ಅಡ್ಡಹಗ್ಗದ ಸೂಚನೆಗೂ ಮನಸಾರೆ ಕೃತಜ್ಞ. ಇದೇ ವಾರ ಹಾಗೆಯೇ ಕಟ್ಟಿ ನೋಡುತ್ತೇನೆ. ಆದರೆ ಒಂದು ವಿಷಯವನ್ನು ಒಪ್ಪಲಾರೆ. ಮೊದಲ ದಿನ ನಾನು ನಿಮ್ಮಲ್ಲಿಗೆ ಬಂದಿದ್ದರೂ ಕೇಳುತ್ತಿದ್ದದ್ದು, ಯಾವ ಬೇರಿಂಗ್ ಹಾಕಲಿ ಎಂದು. ನೀವು ಒಳ್ಳೆಯ ಬೇರಿಂಗಿನ ಹೆಸರು ಹೇಳಿರುತ್ತಿದ್ದಿರಿ. ಖಾನೆಯ ಪಾಠ ನೆನಪಾಗಬೇಕಾದರೆ ಇದು ಖಾನೆಯ ಪ್ರಶ್ನೆ ಎಂದು ಮೊದಲು ಕಾಣಬೇಕು. ನನಗೆ ಅಂದು ಸಿಕ್ಕಿದ್ದು ಉತ್ತರವಲ್ಲ, ಬೇರೆಯ ಪ್ರಶ್ನೆ.

ಗಣಿತದ ಮೇಷ್ಟ್ರು, ತೀರ್ಥಹಳ್ಳಿ

ಹ್ಯಾಮಿಲ್ಟನ್ನರ ಮೂರು ನಾಲ್ಕಾದದ್ದೂ ಇದೇ ಬಗೆ.

ಮನೋವಿಜ್ಞಾನ ವಿದ್ಯಾರ್ಥಿನಿ, ಶಂಕರಘಟ್ಟ

ಈ ವಿಷಯವನ್ನು ನಾನು ಓದುತ್ತಿರುವುದರಿಂದ ಪ್ರಯೋಗಗಳು ಏನನ್ನು ತೋರಿಸಿವೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅನುಮತಿ ಕೊಡಿ. ಬೆಸುಗೆಯವರು ಮೂರು ಕಾರಣಗಳನ್ನು ಒಂದೇ ಉಸಿರಿನಲ್ಲಿ ಕೇಳಿದ್ದಾರೆ. ಅವನ್ನು ಬಿಡಿಸಿ ನೋಡಬೇಕಾಗುತ್ತದೆ.

ನಡಿಗೆಯ ಬಗ್ಗೆ ಹೆಚ್ಚು ಹೆಸರಾದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮ್ಯಾರಿಲಿ ಒಪೆಟ್ಸೊ ಮತ್ತು ಡೇನಿಯಲ್ ಶ್ವಾರ್ಟ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನ. ಒಟ್ಟು 176 ಜನರನ್ನು ನಾಲ್ಕು ಪ್ರಯೋಗಗಳಲ್ಲಿ ಅವರು ಪರೀಕ್ಷಿಸಿದರು. ದಿನಬಳಕೆಯ ಒಂದು ವಸ್ತುವನ್ನು ಹೆಸರಿಸಿ, ಇದನ್ನು ಮತ್ತೆ ಯಾವುದಕ್ಕೆಲ್ಲ ಬಳಸಬಹುದು ಎಂದು ಕೇಳಿದಾಗ, ಕುಳಿತವರಿಗಿಂತ ನಡೆಯುತ್ತಿದ್ದವರಿಗೆ ಸರಾಸರಿ ಶೇಕಡಾ 60ರಷ್ಟು ಹೆಚ್ಚು ಹೊಸ ಉತ್ತರಗಳು ಹೊಳೆದವು. ಖಾಲಿ ಗೋಡೆಗೆ ಮುಖ ಮಾಡಿ ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಈ ಲಾಭ ಸಿಕ್ಕಿತು, ನಡೆದು ಬಂದು ಕುಳಿತ ಮೇಲೂ ಸ್ವಲ್ಪ ಹೊತ್ತು ಉಳಿಯಿತು. ಆದ್ದರಿಂದ ಇದು ಕೇವಲ ಹಸಿರಿನ ಮಹಿಮೆ ಎನ್ನಲು ಬರುವುದಿಲ್ಲ. ಆದರೆ ಹೋಲಿಕೆಗಳನ್ನು ಹುಡುಕಿ ಹೇಳಿ ಎಂದು ಕೇಳಿದಾಗ, ಹೊರಗೆ ನಡೆದವರು ಕೊಟ್ಟ ಹೋಲಿಕೆಗಳೇ ಎಲ್ಲಕ್ಕಿಂತ ಹೊಸದಾಗಿಯೂ ಉತ್ತಮವಾಗಿಯೂ ಇದ್ದವು. ಹಲಗೆಯಲ್ಲಿ ಮಾಡನ್ನು ಕಂಡದ್ದು ಹೋಲಿಕೆಯೇ ಅಲ್ಲವೇ?

ಈ ಅಧ್ಯಯನದ ಇನ್ನೊಂದು ಫಲಿತಾಂಶವನ್ನು ಜನ ಹೇಳುವುದನ್ನು ಮರೆಯುತ್ತಾರೆ. ಒಂದೇ ಸರಿಯುತ್ತರ ಇರುವ ಪ್ರಶ್ನೆಗಳನ್ನು ಬಿಡಿಸುವಾಗ ನಡಿಗೆಯಿಂದ ಲಾಭವಾಗಲಿಲ್ಲ, ಸ್ವಲ್ಪ ನಷ್ಟವೇ ಆಯಿತು. ಹಲವು ದಿಕ್ಕಿಗೆ ಯೋಚನೆ ಹರಡಬೇಕಾದಾಗ ಎದ್ದು ನಡೆಯಬೇಕು, ಒಂದನ್ನು ಆರಿಸಿ ಲೆಕ್ಕ ಹಾಕಬೇಕಾದಾಗ ಕುಳಿತುಕೊಳ್ಳಬೇಕು. ಭದ್ರಾವತಿಯ ಸರ್ ಹೇಳಿದ 0.17ನ್ನು ನಡೆಯುತ್ತ ಕಂಡುಹಿಡಿಯುವ ಅಗತ್ಯವಿಲ್ಲ.

ಇನ್ನು ಬಿಡುವಿನ ವಿಷಯ. 2009ರಲ್ಲಿ ಸಿಯೋ ಮತ್ತು ಆರ್ಮರಾಡ್ ಎಂಬ ಸಂಶೋಧಕರು 117 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸಮಸ್ಯೆಯನ್ನು ಕೆಲಹೊತ್ತು ಬದಿಗಿಡುವುದರಿಂದ ನಿಜಕ್ಕೂ ಲಾಭವಿದೆ ಎಂದು ಕಂಡಿತು, ಮತ್ತು ಅದಕ್ಕೆ ಮುಂಚೆ ಹೆಚ್ಚು ಹೊತ್ತು ಹೆಣಗಿದವರಿಗೆ ಆ ಲಾಭ ಹೆಚ್ಚಾಗಿತ್ತು. ತೋಟದ ಮನೆಯ ಯಜಮಾನರಿಗೆ ಇದು ಸಮಾಧಾನ ಕೊಡಬಹುದು. ಬಿಡುವಿನಲ್ಲಿ ಮನಸ್ಸಿಗೆ ಭಾರವಲ್ಲದ ಕೆಲಸ ಮಾಡುವುದು ಸುಮ್ಮನೆ ಕೂರುವುದಕ್ಕಿಂತ ಉತ್ತಮ ಎಂಬ ಸೂಚನೆಗಳೂ ಇವೆ. ಅದು ಎಲ್ಲ ಪ್ರಯೋಗಗಳಲ್ಲೂ ಒಂದೇ ರೀತಿ ಮರುಕಳಿಸಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು.

ಕಾರಣದ ಬಗ್ಗೆ ಹಲವು ವಿವರಣೆಗಳಿವೆ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಮರೆವಿನ ವಿವರಣೆ. ತಪ್ಪು ದಾರಿಯಲ್ಲೇ ಪದೇ ಪದೇ ನಡೆದರೆ ಆ ದಾರಿ ಸವೆದು ಆಳವಾಗುತ್ತದೆ, ಮನಸ್ಸು ಮತ್ತೆ ಮತ್ತೆ ಅದರಲ್ಲೇ ಜಾರುತ್ತದೆ. ಕೆಲಕಾಲ ಬಿಟ್ಟರೆ ಅಲ್ಲಿ ಹುಲ್ಲು ಬೆಳೆಯುತ್ತದೆ, ಪಕ್ಕದ ಕಾಲುದಾರಿಯೂ ಕಣ್ಣಿಗೆ ಬೀಳುತ್ತದೆ. ಬೇರಿಂಗ್ ಎಂಬ ದಾರಿಯನ್ನು ಅಂದು ಒಂದು ಬೆಳಿಗ್ಗೆ ಮರೆತದ್ದೇ ಬೆಸುಗೆಯವರಿಗೆ ದೊರೆತ ದೊಡ್ಡ ಸಹಾಯ.

ಘಟ್ಟದ ಓಟ, ಆಗುಂಬೆ

ನಡಿಗೆಗಿಂತ ಓಟ ಒಳ್ಳೆಯದು. ಹೊರಗಿನ ಮಾತು, ಒಳಗಿನ ಮಾತು ಎರಡೂ ನಿಲ್ಲಬೇಕಾದರೆ ಉಸಿರು ಕಟ್ಟುವಂತೆ ಏರು ಹತ್ತಬೇಕು. ಹೋದ ವರ್ಷ ಕುಂದಾದ್ರಿಗೆ ವಾರಕ್ಕೆ ಮೂರು ದಿನ ಓಡಿ ಹತ್ತಿದೆ, ನನ್ನ ಅತ್ಯುತ್ತಮ ಚಿತ್ರಗಳೆಲ್ಲ ಆ ಕಾಲದವು. ನಾನು ಕಾಡಿನ ಛಾಯಾಚಿತ್ರ ತೆಗೆಯುವವನು.

ತೋಟದ ಮನೆ, ಸಾಗರ ತಾಲ್ಲೂಕು

ಏರು ಹತ್ತುತ್ತಿರುವಾಗ ಹೊಳೆಯಿತೋ, ಹತ್ತಿ ಬಂಡೆಯ ಮೇಲೆ ಕುಳಿತು ಬೆವರು ಆರಿದ ಮೇಲೆ ಹೊಳೆಯಿತೋ, ನೆನಪು ಮಾಡಿಕೊಂಡು ಹೇಳಿ ಮಾರಾಯರೇ.

ಘಟ್ಟದ ಓಟ, ಆಗುಂಬೆ

ನೀವು ಕೇಳಿದ ಮೇಲೆ ಯೋಚಿಸಿದೆ. ಹತ್ತುವಾಗ ಕಾಲು ಮತ್ತು ಕಲ್ಲು ಬಿಟ್ಟು ಬೇರೇನೂ ಮನಸ್ಸಿನಲ್ಲಿ ಇರುತ್ತಿರಲಿಲ್ಲ. ಹೊಳೆದದ್ದೆಲ್ಲ ಇಳಿಯುವಾಗ, ಅದೂ ರಸ್ತೆ ಸಪಾಟಾದ ಮೇಲೆ. ಓಟ ಮನಸ್ಸನ್ನು ಒರೆಸಿ ಖಾಲಿ ಮಾಡುತ್ತಿತ್ತು ಎಂದು ತಿದ್ದಿ ಹೇಳುತ್ತೇನೆ.

ಚಿತ್ತಾರದ ಗೋಡೆ, ಸಾಗರ ತಾಲ್ಲೂಕು

ನಾನು ಹಸೆ ಚಿತ್ತಾರ ಬರೆಯುವವಳು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಎಳೆ ಎಳೆಯುವುದನ್ನು ನನ್ನ ಅಜ್ಜಿಯಿಂದ ಕಲಿತೆ. ಇಲ್ಲಿಯವರೆಗೆ ಮಾತನಾಡಿದವರಲ್ಲಿ ಹೆಚ್ಚಿನವರು, ಎದ್ದು ನಡೆದು ಹೋದರೆ ಆಯಿತು ಎನ್ನುತ್ತಿದ್ದೀರಿ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವುದು ಬೇಡ, ಹೋಗಿ ಬನ್ನಿ ಎಂದು ಹೇಳಿದ ತಾಯಿ ಅಂದು ಎಷ್ಟು ದೂರ ನಡೆದರು ಎಂದು ಯಾರೂ ಕೇಳಲಿಲ್ಲ. ಇದನ್ನು ಆಕ್ಷೇಪಣೆಗಾಗಿ ಹೇಳುತ್ತಿಲ್ಲ, ನಮ್ಮ ಬಿಡುವು ಬೇರೆ ತರಹದ್ದು ಎಂದು ತಿಳಿಸುವುದಕ್ಕಾಗಿ ಹೇಳುತ್ತಿದ್ದೇನೆ.

ಮೂಲೆಗೆ ಬಂದಾಗ ಎಳೆಗಳು ಒಂದಕ್ಕೊಂದು ಹೇಗೆ ಕೂಡಬೇಕು ಎಂಬುದು ನನಗೆ ಬಹಳ ಸಲ ಬಿಡಿಸಲಾರದ ಗಂಟಾಗುತ್ತದೆ. ಹಟ ಹಿಡಿದು ಎಳೆದರೆ ಗೋಡೆ ಕೆಡುತ್ತದೆ, ಮತ್ತೆ ಮಣ್ಣು ಬಳಿದು ಒಣಗಿಸಬೇಕು. ಆದ್ದರಿಂದ ಕುಂಚ ಇಟ್ಟು ಏಳುತ್ತೇನೆ. ಆದರೆ ಎದ್ದು ಯಾವ ಕೆಲಸಕ್ಕೆ ಹೋಗುತ್ತೇನೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಡುಗೆಗೆ ಹೋದರೆ ಏನೂ ಹೊಳೆಯುವುದಿಲ್ಲ. ಅನ್ನ ತಳ ಹಿಡಿಯುತ್ತದೆಯೋ, ಒಗ್ಗರಣೆ ಸೀಯುತ್ತದೆಯೋ, ಮಕ್ಕಳ ಬಸ್ಸು ಬಂತೋ ಎಂದು ಮನಸ್ಸು ಹತ್ತು ಕಡೆ ಕಾವಲು ಕಾಯುತ್ತಿರುತ್ತದೆ. ಅದೇ ಬೇಣದ ಹುಲ್ಲುಗಾವಲಿಗೆ ಹೋಗಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿದರೆ ಬೇರೆಯೇ ಕಥೆ. ಕೈ ತಾನಾಗಿ ಆಡುತ್ತದೆ, ಸೊಂಟ ಬಾಗುತ್ತದೆ, ಕಿವಿಗೆ ಎಲೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬುಟ್ಟಿ ತುಂಬುವ ಹೊತ್ತಿಗೆ ಎಷ್ಟೋ ಸಲ ಮೂಲೆ ತಾನಾಗಿ ಕೂಡಿಕೊಂಡಿರುತ್ತದೆ. ಒಂದು ಸಲ ಬುಟ್ಟಿಯ ಹೆಣಿಗೆಯಲ್ಲೇ ಉತ್ತರ ಇತ್ತು. ಬೆತ್ತ ಅಂಚಿಗೆ ಬಂದು ಹಿಂದಕ್ಕೆ ಮಡಚಿಕೊಂಡ ರೀತಿಯನ್ನು ನೋಡಿ ಹಾಗೆಯೇ ಎಳೆ ತಿರುಗಿಸಿದೆ.

ಓದಿದ ಮಗಳು ಹೇಳಿದ, ಮನಸ್ಸಿಗೆ ಭಾರವಲ್ಲದ ಕೆಲಸ ಎಂಬ ಮಾತು ಇದೇ ಇರಬೇಕು. ಕೆಲಸ ಹಗುರವೋ ಭಾರವೋ ಎಂಬುದನ್ನು ಮೈಯಿಂದ ಅಳೆಯಬಾರದು. ದರಕು ಗುಡಿಸುವುದು ಮೈಗೆ ಭಾರ, ಮನಸ್ಸಿಗೆ ಹಗುರ. ಅಡುಗೆ ಅದಕ್ಕೆ ತದ್ವಿರುದ್ಧ.

ಮನೋವಿಜ್ಞಾನ ವಿದ್ಯಾರ್ಥಿನಿ, ಶಂಕರಘಟ್ಟ

ಅಮ್ಮಾ, ನೀವು ಹೇಳಿದ ಕೊನೆಯ ಎರಡು ವಾಕ್ಯಗಳನ್ನು ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೇನೆ. ಪ್ರಯೋಗಶಾಲೆಯಲ್ಲಿ ಸುಲಭದ ಕೆಲಸ, ಕಷ್ಟದ ಕೆಲಸ ಎಂದು ಭಾಗ ಮಾಡುವಾಗ ಅಳೆಯುವುದು ಕೂಡ ಗಮನದ ಹೊರೆಯನ್ನೇ, ಮೈಯ ಹೊರೆಯನ್ನಲ್ಲ.

ಬೆಸುಗೆ ಅಂಗಡಿ, ಶಿವಮೊಗ್ಗ

ಅಕ್ಕಾ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಮನೆಯಲ್ಲಿ ಓದಿ ಹೇಳಿದೆ. ಈಗ ಇಬ್ಬರೂ ಒಟ್ಟಿಗೆ ನಡೆಯುತ್ತಿದ್ದೇವೆ, ಮಗನ ತಿಂಡಿಯನ್ನು ರಾತ್ರಿಯೇ ಅರ್ಧ ಸಿದ್ಧ ಮಾಡಿಡುವ ಕೆಲಸ ನನ್ನದು.

ಮನೆಯಿಂದ ಕೆಲಸ, ಕೊಪ್ಪ

ನಾನು ಬೆಂಗಳೂರಿನ ಕಂಪನಿಗೆ ಊರಿನಿಂದಲೇ ಪ್ರೋಗ್ರಾಂ ಬರೆಯುತ್ತೇನೆ. ಗಂಟೆಗೊಮ್ಮೆ ತಪ್ಪದೆ ಬಿಡುವು ತೆಗೆದುಕೊಳ್ಳುತ್ತಿದ್ದೆ. ಎರಡು ವರ್ಷದಲ್ಲಿ ಒಮ್ಮೆಯೂ ಯಾವ ಉಪಾಯವೂ ಹೊಳೆಯಲಿಲ್ಲ, ಏಕೆಂದರೆ ಬಿಡುವೆಂದರೆ ನನಗೆ ಫೋನ್ ಆಗಿತ್ತು. ಒಂದು ಪರದೆಯಿಂದ ಕಣ್ಣು ತೆಗೆದು ಇನ್ನೊಂದು ಪರದೆಗೆ ಇಡುತ್ತಿದ್ದೆ. ಈ ಮಳೆಗಾಲದಲ್ಲಿ ಸಿಗ್ನಲ್ ಹೋಗಿ ಮೂರು ದಿನ ಬರಲಿಲ್ಲ. ಕೊಡೆ ಹಿಡಿದು ಗದ್ದೆಯ ಅಂಚಿನವರೆಗೆ ನಡೆದು ಬರುವುದನ್ನು ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ಎರಡನೆಯ ದಿನ ಸಂಜೆ, ತಿಂಗಳಿನಿಂದ ಕಾಡುತ್ತಿದ್ದ ಒಂದು ದೋಷದ ಮೂಲ ಥಟ್ಟನೆ ಕಂಡಿತು. ಅಂದಿನಿಂದ ನಡೆಯುವಾಗ ಫೋನನ್ನು ಮನೆಯಲ್ಲೇ ಬಿಟ್ಟು, ಒಂದು ಸಣ್ಣ ಪುಸ್ತಕ ಮತ್ತು ಪೆನ್ಸಿಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಳ್ಳುತ್ತೇನೆ. ಬರೆದುಕೊಳ್ಳದಿದ್ದರೆ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಹೊಳೆದದ್ದು ಮರೆತುಹೋಗುತ್ತದೆ. ಹ್ಯಾಮಿಲ್ಟನ್ನರು ಕಲ್ಲಿನ ಮೇಲೆ ಕೆತ್ತಿದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ತಾಳಮದ್ದಳೆಯ ಅರ್ಥಧಾರಿ, ಹೊಸನಗರ

ನಮ್ಮ ಕಲೆಯಲ್ಲಿ ವೇದಿಕೆಯ ಮೇಲೆ ಎದ್ದು ನಡೆಯಲು ಅವಕಾಶವಿಲ್ಲ. ಎದುರಿನವರು ಮಾತು ಎಸೆದ ಕ್ಷಣದಲ್ಲಿ ಉತ್ತರ ಹುಟ್ಟಬೇಕು. ಆದರೂ ಅಂದು ಸಂಜೆ ಆಡಲಿರುವ ಪ್ರಸಂಗದ ಪದ್ಯಗಳನ್ನು ಮಧ್ಯಾಹ್ನ ಗಟ್ಟಿಯಾಗಿ ಹೇಳಿಕೊಳ್ಳುತ್ತ ಎರಡು ಮೈಲಿ ನಡೆಯುವುದು ನನ್ನ ಗುರುಗಳು ಹಾಕಿಕೊಟ್ಟ ಕ್ರಮ. ನಡೆಯುವಾಗ ಅರ್ಥ ಕಟ್ಟಬೇಡ, ಪದ್ಯ ಮಾತ್ರ ಹೇಳು ಎನ್ನುತ್ತಿದ್ದರು. ರಾತ್ರಿ ಕುಳಿತಾಗ ಬರುವ ಮಾತಿನಲ್ಲಿ ಆ ಮಧ್ಯಾಹ್ನದ ಪಾಲು ಇದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಆರೋಗ್ಯ ಕಾರ್ಯಕರ್ತೆ, ಸೊರಬ

ನಡಿಗೆಗೆ ಜಾಗ ಆರಿಸಿಕೊಳ್ಳುವವರಿಗೆ ಒಂದು ವಿನಂತಿ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾನಿನೊಳಗೆ, ವಿಶೇಷವಾಗಿ ಮಂಗ ಸತ್ತ ಸುದ್ದಿ ಬಂದ ಕಡೆ, ದಯವಿಟ್ಟು ಹೋಗಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಅದು ಹರಡುವುದು ಉಣುಗಿನಿಂದ. ದರಕು ಗುಡಿಸಲು ಹೋಗಲೇಬೇಕಾದ ಅಕ್ಕಂದಿರು ಮೈ ತುಂಬ ಬಟ್ಟೆ ತೊಟ್ಟು, ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೀಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಉಳಿದವರಿಗೆ ಆ ತಿಂಗಳುಗಳಲ್ಲಿ ರಸ್ತೆ ಮತ್ತು ನಾಲೆಯ ಏರಿಯೇ ಸಾಕು. ಖಾಲಿ ಗೋಡೆಯ ಮುಂದೆ ನಡೆದರೂ ಫಲವಿದೆ ಎಂದು ಮೇಲೆ ಓದಿದೆನಲ್ಲ.

ತೋಟದ ಮನೆ, ಸಾಗರ ತಾಲ್ಲೂಕು

ಚಿತ್ತಾರದ ಅಕ್ಕನವರ ಮಾತು ಓದಿದ ಮೇಲೆ ನನ್ನ ಮೊದಲಿನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ನಾನು ತೋಟ ಸುತ್ತುವುದು ಬಿಡುವಲ್ಲ. ಯಾವ ಮರದಲ್ಲಿ ಎಲೆಚುಕ್ಕಿ ಬಿದ್ದಿದೆ, ಎಲ್ಲಿ ಬಸಿಗಾಲುವೆ ಕಟ್ಟಿದೆ ಎಂದು ಪ್ರತಿ ಹೆಜ್ಜೆಗೂ ಲೆಕ್ಕ ಹಾಕುತ್ತಿರುತ್ತೇನೆ. ಅದೂ ಅಡುಗೆಮನೆಯ ಜಾತಿಯ ಕೆಲಸವೇ. ನಮ್ಮಲ್ಲಿ ಅಡಿಕೆ ಸುಲಿಯಲು ರಾತ್ರಿ ಕುಳಿತುಕೊಳ್ಳುವವರು ಮೆಟ್ಟುಗತ್ತಿಯ ಮುಂದೆ ಕಥೆ ಹೇಳುವುದನ್ನು, ಹಾಡು ಕಟ್ಟುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅವರ ಕೈಗೆ ಕೆಲಸವಿತ್ತು, ಮನಸ್ಸು ಬಿಡುವಾಗಿತ್ತು. ಹೀಗೆ ಯೋಚಿಸಿಯೇ ಇರಲಿಲ್ಲ.

ಆದರೂ ಹೊಳಹಿಗೇ ಎಲ್ಲ ಕೀರ್ತಿ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಹೊಳೆದ ಮೇಲೆ ಉಳಿಯುವ ಕೆಲಸವೇ ದೊಡ್ಡದು.

ಗಣಿತದ ಮೇಷ್ಟ್ರು, ತೀರ್ಥಹಳ್ಳಿ

ಅದಕ್ಕೆ ಸಿ. ವಿ. ರಾಮನ್ನರೇ ಸಾಕ್ಷಿ. 1921ರಲ್ಲಿ ಇಂಗ್ಲೆಂಡಿನಿಂದ ಮರಳುವಾಗ ಹಡಗಿನ ಮೇಲೆ ನಿಂತು ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ನೋಡಿದರು. ಅದು ಆಕಾಶದ ಪ್ರತಿಫಲನವಷ್ಟೇ ಎಂಬ ಅಂದಿನ ನಂಬಿಕೆಯನ್ನು ಅವರು ಒಪ್ಪಲಿಲ್ಲ. ಹಡಗಿನ ಮೇಲೆಯೇ, ಜೊತೆಗೆ ತಂದಿದ್ದ ನಿಕೋಲ್ ಪ್ರಿಸಂನಿಂದ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದಾಗಲೂ ನೀಲಿ ಉಳಿಯಿತು. ಆ ಬೆಳಕಿನ ಚದುರುವಿಕೆಯ ಜಾಡು ಹಿಡಿದು ಅವರ ಹೆಸರಿನ ಪರಿಣಾಮವನ್ನು ತಲುಪಿದ್ದು 1928ರ ಫೆಬ್ರವರಿ 28ಕ್ಕೆ. ನಡುವೆ ಏಳು ವರ್ಷದ ದುಡಿಮೆ ಇದೆ. ಹಡಗಿನ ಬಿಡುವಿನಲ್ಲೂ ಜೇಬಿನಲ್ಲಿ ಪ್ರಿಸಂ ಇತ್ತು ಎಂಬುದನ್ನು ನನ್ನ ಮಕ್ಕಳಿಗೆ ಪ್ರತಿವರ್ಷ ಹೇಳುತ್ತೇನೆ.

ಬೆಸುಗೆ ಅಂಗಡಿ, ಶಿವಮೊಗ್ಗ

ಹನ್ನೆರಡು ದಿನಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಅಡ್ಡಹಗ್ಗ ಕಟ್ಟಿದೆ, ಒಬ್ಬ ಹುಡುಗ ಒಂದೇ ಕೈಯ್ಯಲ್ಲಿ ಮಾಡನ್ನು ಎಳೆಯುತ್ತಾನೆ. ಭದ್ರಾವತಿಯ ಸರ್‌ಗೆ ನಮಸ್ಕಾರ.

ಈಗ ಇನ್ನೊಂದು ತೊಂದರೆ ಎದುರಾಗಿದೆ. ಒಂದು ಭಾಗದ ಮಾಡು ಇನ್ನೊಂದರ ಕೆಳಗೆ ಸರಿಯುವ ಸಂದಿನಲ್ಲಿ ಗಾಳಿಮಳೆಗೆ ಎರಚಲು ಒಳಬರುತ್ತದೆ. ಸಂದನ್ನು ಬಿಗಿ ಮಾಡಿದರೆ ತಗಡು ಉಜ್ಜುತ್ತದೆ, ಸಡಿಲ ಬಿಟ್ಟರೆ ಅಡಿಕೆ ನೆನೆದು ಬೂಸಲು ಹಿಡಿಯುತ್ತದೆ. ಈ ಸಲ ನಾನು ಬುದ್ಧಿಪೂರ್ವಕವಾಗಿಯೇ ಬಿಡುವು ಮಾಡಿಕೊಂಡೆ. ಒಂಬತ್ತು ದಿನ, ಪ್ರತಿದಿನ ಬೆಳಿಗ್ಗೆ ಆರರಿಂದ ಏಳರವರೆಗೆ ಫೋನಿಲ್ಲದೆ ನಾಲೆಯ ಏರಿಯ ಮೇಲೆ ನಡೆದೆವು. ಮೈ ಹಗುರವಾಯಿತು, ರಾತ್ರಿ ಒಳ್ಳೆಯ ನಿದ್ದೆ ಬಂತು, ಮನೆಯಲ್ಲಿ ಮಾತುಕತೆ ಹೆಚ್ಚಾಯಿತು. ಸಂದಿನ ಬಗ್ಗೆ ಮಾತ್ರ ಏನೂ ಹೊಳೆಯಲಿಲ್ಲ.

ಮನೋವಿಜ್ಞಾನ ವಿದ್ಯಾರ್ಥಿನಿ, ಶಂಕರಘಟ್ಟ

ಸರ್, ಒಂದು ಪ್ರಶ್ನೆ. ನಡೆಯಲು ಹೊರಡುವ ಮುಂಚೆ, ಅಥವಾ ಹಿಂದಿನ ಸಂಜೆ, ಆ ಸಂದಿನ ಮುಂದೆ ಎಷ್ಟು ಹೊತ್ತು ಕುಳಿತಿದ್ದಿರಿ?

ಬೆಸುಗೆ ಅಂಗಡಿ, ಶಿವಮೊಗ್ಗ

ಕುಳಿತೇ ಇರಲಿಲ್ಲ. ಗೇಟಿನ ಕೆಲಸ ಬಹಳ ಬಂದಿತ್ತು, ನಡಿಗೆಯಲ್ಲೇ ಹೊಳೆಯುತ್ತದೆ ಎಂದು ಸಂದನ್ನು ಪೂರ್ತಿ ನಡಿಗೆಗೇ ಒಪ್ಪಿಸಿಬಿಟ್ಟಿದ್ದೆ. ನೀವು ಕೇಳುವವರೆಗೂ ಇದು ಗಮನಕ್ಕೆ ಬರಲಿಲ್ಲ. ನಾಳೆಯಿಂದ ಐದು ಗಂಟೆಗೆ ಎದ್ದು, ಒಂದು ಗಂಟೆ ಸಂದಿನ ಮೇಲೆ ನೀರು ಹುಯ್ದು ಎಲ್ಲಿ ಒಳಗೆ ನುಗ್ಗುತ್ತದೆ ಎಂದು ನೋಡಿ ಬರೆದುಕೊಂಡು, ಆಮೇಲೆ ನಡೆಯುತ್ತೇನೆ.

ನಿವೃತ್ತ ಇಂಜಿನಿಯರ್, ಭದ್ರಾವತಿ

ನೀರಿಗೆ ಅರಿಸಿನ ಬೆರೆಸಿ ಹುಯ್ಯಿರಿ. ತಗಡಿನ ಮೇಲೆ ಹರಿದ ದಾರಿ ಒಣಗಿದ ಮೇಲೂ ಕಾಣುತ್ತದೆ. ಅಂದು ನಾನು ಕಠಿಣವಾಗಿ ಬರೆದೆ. ಯಾವ ಪಾಠವನ್ನು ತೆಗೆಯಬೇಕು ಎಂದು ತಿಳಿಯುವುದೇ ಕಷ್ಟದ ಕೆಲಸ ಎಂಬ ನಿಮ್ಮ ಮಾತು ಸರಿಯಾಗಿದೆ. ನಾನೂ ಈಗ ಸಂಜೆ ಭದ್ರೆಯ ದಡದವರೆಗೆ ಹೋಗಿ ಬರುತ್ತಿದ್ದೇನೆ.

ಬೆಸುಗೆ ಅಂಗಡಿ, ಶಿವಮೊಗ್ಗ

ಅರಿಸಿನದ ನೀರು ಹುಯ್ದು ನಾಲ್ಕು ದಿನವಾಯಿತು. ನೀರು ಮೇಲಿನಿಂದ ಇಳಿದು ಬರುತ್ತಿಲ್ಲ, ಕೆಳಗಿನ ತಗಡಿನ ಮೇಲೆ ಹಿಂದಕ್ಕೆ ಹತ್ತಿ ಬರುತ್ತಿದೆ ಎಂದು ಹಳದಿ ಗೆರೆ ತೋರಿಸಿತು. ಗಾಳಿ ಅದನ್ನು ತಳ್ಳುತ್ತಿದೆ. ನಿನ್ನೆ ಏರಿಯ ಮೇಲೆ ನಡೆಯುವಾಗ ನನ್ನ ಹೆಂಡತಿ, ಹಳೆಯ ಹಂಚಿನ ಮನೆಗಳಲ್ಲಿ ಹಂಚಿನ ಅಂಚಿಗೆ ಒಂದು ದಿಂಡು ಇರುತ್ತದಲ್ಲ, ಅದು ಏಕೆ ಎಂದು ಕೇಳಿದಳು. ಇಬ್ಬರೂ ಅಲ್ಲಿಯೇ ನಿಂತೆವು. ಸರಿಹೋಗುತ್ತದೆಯೋ ಇಲ್ಲವೋ ತಿಳಿಯದು. ಕೆಳಗಿನ ತಗಡಿನ ಅಂಚನ್ನು ಅರ್ಧ ಅಂಗುಲ ಮೇಲಕ್ಕೆ ಮಡಚಿ ನೋಡಬೇಕು.

ತೋಟದ ಮನೆ, ಸಾಗರ ತಾಲ್ಲೂಕು

ನಮ್ಮ ಅಂಗಳಕ್ಕೆ ಪಶ್ಚಿಮದಿಂದ ನೇರ ಗಾಳಿ ಬೀಸುತ್ತದೆ, ಎರಚಲಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯ ಜಾಗ ನಿಮಗೆ ಸಿಗುವುದಿಲ್ಲ. ಮಡಚಿದ ಎರಡು ತಗಡು ತೆಗೆದುಕೊಂಡು ಭಾನುವಾರ ಇಬ್ಬರೂ ಬನ್ನಿ. ಬಸ್ಸು ಇಳಿದ ಮೇಲೆ ಒಂದೂವರೆ ಮೈಲಿ ಕಾಲುದಾರಿ ಇದೆ. ತಗಡನ್ನು ನಮ್ಮ ಜೀಪಿಗೆ ಹಾಕೋಣ, ನಾವು ನಡೆದೇ ಬರೋಣ. ಊಟ ನಮ್ಮಲ್ಲೇ.